ನನ್ನ ವಾಯರಿಂಗು, ತಮ್ಮನ ಮೀಟರು

ವಿಜಾಪುರ ಜಿಲ್ಲೆಯ ಇಂಡಿ ಪಟ್ಟಣದ ಹತ್ತಿರದ ನಮ್ಮ ಊರಿನಿಂದ ನಾನು ಪುಣೆಗೆ ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ. ವಿಜಾಪುರದ ಐ.ಟಿ.ಐ.ಯಲ್ಲಿ ವಾಯರ್‌ಮನ್ ಕೋರ್ಸು ಮುಗಿಸಿದ ಸರ್ಟಿಫಿಕೇಟು, ವಾಯರು ಹಿಡಿದು ಕತ್ತರಿಸುವ ಒಂದು ಪಕ್ಕಡ, ಎರಡು ಜೊತೆ ಬಟ್ಟೆ, ಇಷ್ಟೇ ನನ್ನ ಜೊತೆ ಬಂದದ್ದು. ನಮ್ಮ ಕಡೆಯ ಮಂದಿ ಪುಣೆಗೆ ಬಂದರೆ ಬಹುತೇಕ ಸಿಮೆಂಟು ಹೊರಲು, ಸೆಂಟ್ರಿಂಗ್ ಕಟ್ಟಲು ಬರುತ್ತಿದ್ದರು. ಅವರದೇ ಸೈಟುಗಳಲ್ಲಿ ನಾನು ಗೋಡೆಯೊಳಗೆ ಪೈಪು ಹಾಯಿಸಿ ವಾಯರು ಎಳೆಯುತ್ತಿದ್ದೆ. ಸಂಜೆ ಎಲ್ಲರೂ ಮೈಮೇಲಿನ ಸಿಮೆಂಟು ತೊಳೆದುಕೊಳ್ಳುವಾಗ ನನಗೆ ಕೈ ತೊಳೆದರೆ ಸಾಕಿತ್ತು. ಊರ ಮಂದಿ ನನ್ನನ್ನು ‘ಕರೆಂಟಿನಾಂವ’ ಎಂದು ಕರೆಯುತ್ತಿದ್ದರು. ಆ ಹೆಸರು ನನಗೆ ಭಾಳ ಹಿಡಿಸಿತ್ತು.

ಆ ವರ್ಷಗಳಲ್ಲೇ ಹೊಸ ಫ್ಲ್ಯಾಟುಗಳಲ್ಲಿ ಇ.ಎಲ್.ಸಿ.ಬಿ. ಹಾಕುವುದು ಶುರುವಾಯಿತು. ಮೇನ್ ಬೋರ್ಡಿನಲ್ಲಿ ಕೂರುವ ಅಂಗೈಯಗಲದ ಡಬ್ಬಿ ಅದು. ಫೇಸಿನಲ್ಲಿ ಒಳಗೆ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ತಿರುಗಿ ಬರುತ್ತಿದೆಯೋ ಇಲ್ಲವೋ ಎಂದು ಸದಾ ನೋಡುತ್ತಿರುತ್ತದೆ. ಒಂದಿಷ್ಟು ಸೋರಿ ಗೋಡೆಗೋ ನೀರಿಗೋ ಮನುಷ್ಯನ ಮೈಗೋ ಹರಿಯಿತೆಂದರೆ, ರೆಪ್ಪೆ ಬಡಿಯುವುದರೊಳಗೆ ಖಟ್ಟೆಂದು ಬಿದ್ದು ಮನೆಯ ಕರೆಂಟನ್ನೇ ಕಡಿದುಬಿಡುತ್ತದೆ. ಅದರ ಮೇಲೆ ‘ಟಿ’ ಎಂದು ಬರೆದ ಒಂದು ಗುಂಡಿ ಇರುತ್ತದೆ. ನಮ್ಮ ಪರೀಕ್ಷೆ ಎಂದರೆ ಆ ಗುಂಡಿ ಒತ್ತುವುದು. ಡಬ್ಬಿಯ ಸ್ವಿಚ್ಚಿನ ಕಡ್ಡಿ ಕೆಳಗೆ ಬಿದ್ದರೆ ಪಾಸು. ಇನ್ನಷ್ಟು ಖಾತ್ರಿ ಬೇಕೆನಿಸಿದರೆ ಹದಿನೈದು ವ್ಯಾಟಿನ ಸಣ್ಣ ಬಲ್ಬೊಂದನ್ನು ಪ್ಲಗ್ಗಿನ ಫೇಸಿಗೂ ನೆಲಕ್ಕಿಳಿಯುವ ಅರ್ಥಿನ ತಂತಿಗೂ ನಡುವೆ ಹಿಡಿಯುತ್ತಿದ್ದೆವು. ಬಲ್ಬು ಉರಿಯುವ ಮೊದಲೇ ಮನೆ ಕತ್ತಲಾದರೆ ಕೆಲಸ ಮುಗಿಯಿತು. ನಮ್ಮ ಕಾಂಟ್ರಾಕ್ಟರರ ಹತ್ತಿರ ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಹಾಗೆಂದು ನಾನು ನಂಬಿದ್ದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಹತ್ತಿರ ಬಂದಳು. ಧನಕವಡಿಯ ಚಾಳಿನಲ್ಲಿ ಎರಡು ಕೋಣೆಯ ಮನೆ. ನಾನು, ನನ್ನ ಹೆಂಡತಿ, ಅವ್ವ. ಅದಾಗಿ ಎರಡು ವರ್ಷಕ್ಕೆ ತಮ್ಮನೂ ಬಂದ. ನನಗಿಂತ ಏಳು ವರ್ಷ ಚಿಕ್ಕವನು. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿಕೊಂಡಿದ್ದ. ನನ್ನ ಜೊತೆ ಕೆಲಸಕ್ಕೆ ಹಚ್ಚೋಣವೆಂದುಕೊಂಡಿದ್ದೆ. ಆದರೆ ಅವನು ಬಂದ ತಿಂಗಳೊಳಗೆ ತಾನೇ ಒಂದು ಕೆಲಸ ಹಿಡಿದ. ಬಿಲ್ಡಿಂಗುಗಳ ವಾಯರಿಂಗನ್ನು ತಪಾಸಣೆ ಮಾಡಿ ಸರ್ಟಿಫಿಕೇಟು ಕೊಡುವ ಕಂಪನಿ ಅದು. ಮೊದಲ ದಿನ ಸಂಜೆ ಹೆಗಲಿಗೆ ಒಂದು ಕರಿ ಚೀಲ ಹಾಕಿಕೊಂಡು ಬಂದು, ಅದರೊಳಗಿನಿಂದ ಹಳದಿ ಬಣ್ಣದ ಮೀಟರೊಂದನ್ನು ತೆಗೆದು ಅವ್ವನ ಮುಂದೆ ಇಟ್ಟ. ಇ.ಎಲ್.ಸಿ.ಬಿ. ಪರೀಕ್ಷೆ ಮಾಡುವ ಮೀಟರು, ಹೊರದೇಶದ್ದು. ಪ್ಲಗ್ಗಿಗೆ ಚುಚ್ಚಿ ಗುಂಡಿ ಒತ್ತಿದರೆ, ಬೇಕಾದಷ್ಟೇ ಕರೆಂಟನ್ನು ಅರ್ಥಿಗೆ ಬಿಟ್ಟು, ಡಬ್ಬಿ ಎಷ್ಟು ಬೇಗ ಬಿತ್ತೆಂದು ಸೆಕೆಂಡಿನ ಸಾವಿರದ ಪಾಲುಗಳಲ್ಲಿ ತೋರಿಸುತ್ತಿತ್ತು.

ಅವ್ವ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದಳು. ಪಕ್ಕದ ಮನೆಯವರನ್ನೂ ಕರೆದು ತೋರಿಸಿದಳು.

“ನೋಡ್ರಿ, ನನ್ನ ಸಣ್ಣಾಂವ ಬಂದ ತಿಂಗಳದಾಗ ಮಿಶನ್ ಹಿಡದಾನ. ದೊಡ್ಡಾಂವ ಇನ್ನಾ ಪಕ್ಕಡಾನ ಹಿಡಕೊಂಡ ಕುಂತಾನ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಪಕ್ಕಡಕ್ಕೆ ಅವ್ವ ಎಂದೂ ಕುಂಕುಮ ಹಚ್ಚಿರಲಿಲ್ಲ.

ಅವನು ನನ್ನ ಕೆಲಸವನ್ನೇ ಪರೀಕ್ಷೆ ಮಾಡುವ ದಿನ ಬರುತ್ತದೆಂದು ನಾನು ಎಣಿಸಿರಲಿಲ್ಲ. ಕೋಥರೂಡದ ಒಂದು ನಾಲ್ಕು ಮಾಳಿಗೆಯ ಬಿಲ್ಡಿಂಗು. ಮುಂದಿನ ವಾರ ಫ್ಲ್ಯಾಟುಗಳ ಚಾವಿ ಕೊಡುವುದಿತ್ತು. ಪರೀಕ್ಷೆಗೆ ಬಂದವರು ಯಾರೆಂದು ನೋಡಿದರೆ ನನ್ನ ತಮ್ಮ. ಇಸ್ತ್ರಿ ಮಾಡಿದ ಅಂಗಿ, ಹೆಗಲಲ್ಲಿ ಚೀಲ. ಆ ಅಂಗಿಯನ್ನು ಬೆಳಿಗ್ಗೆ ಇಸ್ತ್ರಿ ಮಾಡಿದವಳು ನನ್ನ ಹೆಂಡತಿ. ಸೈಟ್ ಇಂಜಿನಿಯರು, ನಮ್ಮ ಕಾಂಟ್ರಾಕ್ಟರರು, ನನ್ನ ಕೈಕೆಳಗಿನವರು, ಎಲ್ಲರೂ ಅವನ ಹಿಂದೆ ಮನೆಯಿಂದ ಮನೆಗೆ ನಡೆದೆವು.

ಅವನು ಕೆಲಸ ಮಾಡುವ ರೀತಿಯನ್ನು ನಾನು ಅಂದೇ ಮೊದಲು ನೋಡಿದ್ದು. ಮೊದಲು, ಡಬ್ಬಿ ಬೀಳಬೇಕಾದ ಅಳತೆಯ ಅರ್ಧ ಕರೆಂಟು ಬಿಡುತ್ತಿದ್ದ. ಅದಕ್ಕೆ ಡಬ್ಬಿ ಬೀಳಬಾರದು. ಆಮೇಲೆ ಪೂರ್ತಿ; ಆಗ ಬೀಳಲೇಬೇಕು. ಕಡೆಗೆ ಐದು ಪಟ್ಟು. ಆಗ ಇನ್ನೂ ಬೇಗ ಬೀಳಬೇಕು. ಪ್ರತಿ ಸಲ ಬಿದ್ದಾಗಲೂ ಅಂಕಿ ನೋಡಿ ರಿಜಿಸ್ಟರಿನಲ್ಲಿ ಬರೆದು, ಕಡ್ಡಿ ಎತ್ತಿ, ಮತ್ತೆ ಒತ್ತುತ್ತಿದ್ದ. ಅವಸರವೇ ಇಲ್ಲ. ನಾವು ಒಂದು ಗುಂಡಿ ಒತ್ತಿ ಮುಗಿಸುತ್ತಿದ್ದ ಜಾಗದಲ್ಲಿ ಅವನು ಅರ್ಧ ಗಂಟೆ ನಿಲ್ಲುತ್ತಿದ್ದ.

ಮೂರನೇ ಮಾಳಿಗೆಯ ಎರಡು ಮನೆಗಳಲ್ಲಿ ಬಾಲ್ಕನಿ ದೀಪ ಹಾಕಿದ ಕೂಡಲೇ ಡಬ್ಬಿ ಬಿತ್ತು. ಡಬ್ಬಿಯೇ ಕೆಟ್ಟಿದೆ ಎಂದೆ ನಾನು. ಅವನು ಸ್ಟೂಲು ಹತ್ತಿ, ಬಾಲ್ಕನಿಯ ಬೋರ್ಡು ಬಿಚ್ಚಿ, ವಾಯರುಗಳನ್ನು ಒಂದೊಂದಾಗಿ ತೆಗೆದು ನೋಡಿದ. ಬಾಲ್ಕನಿ ದೀಪಕ್ಕೆ ನ್ಯೂಟ್ರಲ್ಲು ಮನೆಯದಲ್ಲ, ಹೊರಗಿನ ಮೆಟ್ಟಿಲ ದೀಪದ್ದು. ಹತ್ತಿರವಾಗುತ್ತದೆಂದು ನಾನೇ ಅಲ್ಲಿಂದ ತೆಗೆದುಕೊಂಡಿದ್ದೆ. ಮನೆಯ ಡಬ್ಬಿಯಿಂದ ಹೊರಟ ಕರೆಂಟು ಬೇರೆ ದಾರಿ ಹಿಡಿದು ಹೋದರೆ ಡಬ್ಬಿ ಬೀಳದೆ ಏನು ಮಾಡೀತು? ಸೈಟ್ ಇಂಜಿನಿಯರು ಹೀಗೇಕೆ ಆಯಿತೆಂದು ಕೇಳಿದರು. ತಮ್ಮ ನನ್ನ ಕಡೆ ಬೆರಳು ಮಾಡಿ, “ಹ್ಯಾ ವಾಯರ್‌ಮನಲಾ ವಿಚಾರಾ” ಎಂದ. ಈ ವಾಯರ್‌ಮನ್ನನ್ನು ಕೇಳಿರಿ.

ತಪ್ಪು ಹಿಡಿದದ್ದಕ್ಕಿಂತ ಆ ಮಾತು ನನಗೆ ಚುಚ್ಚಿತು. ಅಣ್ಣ ಎನ್ನಲಿಲ್ಲ, ನನ್ನನ್ನು ಮೊದಲು ಕಂಡವನ ಹಾಗೆ ಮಾತಾಡಿದ. ಆ ಎರಡು ಮನೆಗಳ ಗೋಡೆಗೆ ಬಳಿದ ಗಿಲಾಯಿ ಒಡೆದು ಹೊಸ ವಾಯರು ಎಳೆಯಲು ನನಗೆ ಎರಡು ದಿನ ಹಿಡಿಯಿತು. ನನ್ನ ಕೈಕೆಳಗಿನವರು ಬೆನ್ನ ಹಿಂದೆ ಏನೋ ಮಾತಾಡಿಕೊಂಡು ನಗುತ್ತಿದ್ದರು.

ಮನೆಯಲ್ಲಿ ಅವನು ತಾನಾಗಿಯೇ ಮಾತು ತೆಗೆದ.

“ಅಣ್ಣಾ, ನಾ ನಿನ್ನ ತಮ್ಮ ಅಂತ ಅಲ್ಲಿ ಗೊತ್ತಾದ್ರ ನನ್ನ ರಿಪೋರ್ಟ್ ಯಾರೂ ನಂಬೂದಿಲ್ಲ. ಅದಕ್ಕ ಹಂಗ ಅಂದೆ. ಸಿಟ್ಟಾಗಬ್ಯಾಡ.”

“ಸಿಟ್ಟ ಯಾಕ ಆಗ್ಲಿ? ನಾ ವಾಯರ್‌ಮನ್ನ ಅದೀನಿ. ನೀ ಸಾಹೇಬ ಅದಿ.”

ಅವನು ಮುಂದೆ ಏನೋ ಹೇಳಲು ಹೋದ. ನಾನು ಎದ್ದು ಹೊರಗೆ ಬಂದೆ.

ಅಲ್ಲಿಂದ ಮುಂದೆ ಅವನು ಏನು ಮಾಡಿದರೂ ನನ್ನ ಕಣ್ಣಿಗೆ ಅದು ನನ್ನನ್ನು ಸಣ್ಣವನನ್ನಾಗಿ ಮಾಡಲು ಮಾಡಿದ ಹಾಗೆಯೇ ಕಾಣುತ್ತಿತ್ತು. ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ಆಗಾಗ ಕೈಗೆ ಝುಮ್ಮೆನ್ನುತ್ತಿತ್ತು. ಹೆಂಡತಿ ನನಗೆ ಹೇಳಿದಾಗೆಲ್ಲ, ಒಣ ಕೈಯಿಂದ ಹಿಡಿ ಎಂದು ಹೇಳಿ ಸುಮ್ಮನಾಗಿಸುತ್ತಿದ್ದೆ. ಅವಳು ಒಂದು ದಿನ ಅವನಿಗೆ ಹೇಳಿದಳು. ಅವನು ಪ್ಲಗ್ಗು ಬಿಚ್ಚಿ ನೋಡಿ, ಚಾಳಿನ ಹಿಂಬದಿಗೆ ಹೋಗಿ ಬಂದ.

“ವೈನಿ, ಈ ಮನಿಗೆ ಅರ್ಥಿಂಗ್‌ನ ಇಲ್ಲ. ತಂತಿ ಹಿತ್ತಲದಾಗ ಹೋಗಿ ಕಲ್ಲಿನ ಮ್ಯಾಲ ಹಂಗ ಬಿದ್ದೈತಿ.”

ಹೆಂಡತಿ ನನ್ನತ್ತ ನೋಡಿದಳು. ಆ ಮನೆಯಲ್ಲಿ ನಾನು ಆರು ವರ್ಷ ಬಾಳಿದ್ದೆ. ಊರ ಮಂದಿಯ ಮನೆಗಳಿಗೆಲ್ಲ ಅರ್ಥಿಂಗ್ ಮಾಡಿಕೊಟ್ಟವನು ನನ್ನ ಮನೆಯದನ್ನು ಒಮ್ಮೆಯೂ ನೋಡಿರಲಿಲ್ಲ. ಮುಂದಿನ ರವಿವಾರ ತಮ್ಮ ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಲಿ ಉಪ್ಪು ತುಂಬಿ, ಕಬ್ಬಿಣದ ಸರಳು ನಿಲ್ಲಿಸಿದ. ಚಾಳಿನ ಮಂದಿಯೆಲ್ಲ ಸುತ್ತ ನಿಂತು ನೋಡಿದರು. ಒಬ್ಬರು ನೀರು ತಂದುಕೊಟ್ಟರು, ಒಬ್ಬರು ಚಹಾ. ನಾನು ಒಳಗೆ ಪೇಪರು ಹಿಡಿದುಕೊಂಡು ಕೂತಿದ್ದೆ. ಒಂದಕ್ಷರವನ್ನೂ ಓದಲಿಲ್ಲ.

ಇನ್ನೊಂದು ರವಿವಾರ ಅವನು ಕ್ಷೌರಕ್ಕೆ ಹೋದಾಗ ನಾನು ಆ ಚೀಲ ತೆಗೆದೆ. ಅದರಲ್ಲಿ ಅಂಥದ್ದೇನಿದೆ ನೋಡೇಬಿಡೋಣವೆಂದು ಮೀಟರನ್ನು ಪ್ಲಗ್ಗಿಗೆ ಚುಚ್ಚಿ ಗುಂಡಿ ಒತ್ತಿದೆ. ಕೆಂಪು ದೀಪವೊಂದು ಹತ್ತಿತು, ಏನೋ ಇಂಗ್ಲಿಷಿನಲ್ಲಿ ಮೂಡಿತು. ಮತ್ತೆ ಒತ್ತಿದೆ. ಅದೇ. ಗಡಿಬಿಡಿಯಿಂದ ಎತ್ತಿಟ್ಟೆ. ಚೀಲದ ಪಟ್ಟಿಯನ್ನು ತಿರುವುಮುರುವಾಗಿ ಸಿಕ್ಕಿಸಿದ್ದೆನೆಂದು ಕಾಣುತ್ತದೆ, ಅವನಿಗೆ ತಿಳಿಯಿತು. ಮರುದಿನ ನನ್ನ ಹಾಸಿಗೆಯ ಪಕ್ಕದಲ್ಲಿ ಆ ಮೀಟರಿನ ಪುಸ್ತಕ ಇತ್ತು. ಪುಟಪುಟಕ್ಕೂ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಅರ್ಥ ಬರೆದಿದ್ದ. ಅಷ್ಟೆಲ್ಲ ಬರೆಯಲು ಒಂದು ದಿನ ಸಾಲದು. ಮೊದಲಿನಿಂದಲೇ ನನಗಾಗಿ ಬರೆಯುತ್ತಿದ್ದನೇನೋ. ಈಗ ಹಾಗೆನಿಸುತ್ತದೆ. ಆಗ ನನಗೆ ಅನಿಸಿದ್ದು, ಇವನು ನನಗೆ ಪಾಠ ಹೇಳುತ್ತಾನೆ, ಇವನಿಗೆ ಫ್ಯೂಜು ಕಟ್ಟಲು ಕಲಿಸಿದವನು ನಾನು ಎಂದು. ಪುಸ್ತಕವನ್ನು ಟ್ರಂಕಿನ ತಳಕ್ಕೆ ಹಾಕಿದೆ.

ಸಹಕಾರನಗರದಲ್ಲಿ ನಾನು ವಾಯರಿಂಗ್ ಮಾಡಿದ ಇನ್ನೊಂದು ಬಿಲ್ಡಿಂಗು ಇತ್ತು. ಅದರ ಎರಡನೇ ಮಾಳಿಗೆಯಲ್ಲಿ ಒಬ್ಬ ಹೆಣ್ಣುಮಗಳು ಮೆಸ್ ನಡೆಸುತ್ತಿದ್ದರು. ಗಂಡ ಇಲ್ಲ, ಕಾಲೇಜಿಗೆ ಹೋಗುವ ಮಗಳೊಬ್ಬಳು. ಎಲ್ಲರೂ ಅವರನ್ನು ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಊಟದ ಹೊತ್ತಿಗೆ ಪರ ಊರಿನ ಹುಡುಗರಿಂದ ಅವರ ಮುಂದಿನ ಕೋಣೆ ತುಂಬಿರುತ್ತಿತ್ತು. ಆ ಸೊಸೈಟಿಯ ಸೆಕ್ರೆಟರಿ ರೈಲ್ವೆಯಿಂದ ನಿವೃತ್ತರಾದವರು, ಎಲ್ಲವೂ ನಿಯಮದಂತೆ ಆಗಬೇಕೆನ್ನುವವರು. ವರ್ಷಕ್ಕೊಮ್ಮೆ ಎಲ್ಲ ಮನೆಗಳ ಇ.ಎಲ್.ಸಿ.ಬಿ. ಪರೀಕ್ಷೆ ಮಾಡಿಸಲು ತಮ್ಮನ ಕಂಪನಿಯನ್ನು ಗೊತ್ತುಮಾಡಿದ್ದರು. ಮೊದಲ ವರ್ಷದ ಪರೀಕ್ಷೆಯಲ್ಲಿ ಕಾಕೂರವರ ಡಬ್ಬಿ ಕೆಟ್ಟಿದೆಯೆಂದು ಹಿಡಿದು, ಹೊಸದು ಹಾಕಿಸಿದವನು ತಮ್ಮನೇ.

ಅದಾದ ಕೆಲವು ತಿಂಗಳಿಗೆ ಕಾಕೂ ನನಗೆ ಹೇಳಿಕಳಿಸಿದರು. ಹೊಸ ಡಬ್ಬಿ ದಿನಕ್ಕೆ ಎರಡು ಮೂರು ಸಲ ಬೀಳುತ್ತದೆ, ಅದೂ ಬೆಳಿಗ್ಗೆ ಮಿಕ್ಸರಿನಲ್ಲಿ ಮಸಾಲೆ ಅರ್ಧ ಆಗಿರುವಾಗ. ಪರೀಕ್ಷೆಗೆ ಬಂದವನು ನನ್ನ ತಮ್ಮನೆಂದು ನಾನೇ ಒಮ್ಮೆ ಅವರಿಗೆ ಹೇಳಿದ್ದೆ. ಅವರು ಮರಾಠಿಯಲ್ಲಿ ಬೇಸರದಿಂದ ಹೇಳಿದರು: “ನಿಮ್ಮಿಂದ ಆಗದಿದ್ದರೆ ಹೇಳಿ. ನಿಮ್ಮ ತಮ್ಮನನ್ನೇ ಕರೆಸುತ್ತೇನೆ. ಅವನ ಹತ್ತಿರ ಮೀಟರಿದೆ, ಓದಿದ ಹುಡುಗ, ಬೇಗ ತಿಳಿಯುತ್ತದೆ.”

ಆ ಮಾತು ಬಾರದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಒಂದೊಂದೇ ಪ್ಲಗ್ಗು ತೆಗೆದು ನೋಡಿದೆ. ಬಚ್ಚಲಿನ ಗೀಜರು ಹಾಕಿದಾಗ ಮಾತ್ರ ಡಬ್ಬಿ ಬೀಳುತ್ತಿತ್ತು. ಗೀಜರಿನೊಳಗೆ ನೀರು ಕಾಯಿಸುವ ಕಾಯಿಲು ಹಳೆಯದಾಗಿ ಕರೆಂಟು ಸೋರುತ್ತಿತ್ತು. ಡಬ್ಬಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಗೀಜರು ಕೆಟ್ಟಿದೆ, ಬಂದ್ ಇಡಿರಿ, ಕಾಯಿಲು ಬದಲಿಸಬೇಕು ಎನ್ನಬೇಕಿತ್ತು. ಆದರೆ ಕಾಯಿಲು ತರಿಸಿ ಕೂರಿಸಲು ಒಂದೆರಡು ದಿನ ಬೇಕು. ಅಷ್ಟರಲ್ಲಿ ಅವರು ತಮ್ಮನನ್ನು ಕರೆಸಿಯೇ ಬಿಡುತ್ತಾರೆ. ಮೀಟರಿಲ್ಲದೆ, ಇವತ್ತೇ, ಅವನ ಡಬ್ಬಿ ಕೊಟ್ಟ ಕಾಟವನ್ನು ನಾನು ತಪ್ಪಿಸಿದೆ ಎನಿಸಿಕೊಳ್ಳಬೇಕಿತ್ತು ನನಗೆ.

ಮೇನ್ ಬೋರ್ಡು ಬಿಚ್ಚಿ, ಗೀಜರಿನ ಫೇಸು ನ್ಯೂಟ್ರಲ್ಲು ಎರಡನ್ನೂ ಡಬ್ಬಿ ದಾಟಿ ಬರುವ ಕಡೆಯಿಂದ ಕಿತ್ತು, ಡಬ್ಬಿಗಿಂತ ಮುಂಚೆಯೇ ಕರೆಂಟು ಬರುವ ಕಡೆಗೆ ಜೋಡಿಸಿದೆ. ಇನ್ನು ಗೀಜರು ಎಷ್ಟು ಸೋರಿದರೂ ಡಬ್ಬಿಗೆ ಗೊತ್ತೇ ಆಗುವುದಿಲ್ಲ. ಹತ್ತು ನಿಮಿಷದ ಕೆಲಸ. ಮುಚ್ಚಳ ಹಾಕಿ ಕಾಕೂರವರ ಕೈಯಿಂದಲೇ ‘ಟಿ’ ಗುಂಡಿ ಒತ್ತಿಸಿದೆ. ಖಟ್ಟೆಂದು ಬಿತ್ತು, ಫ್ಯಾನು ದೀಪ ಎಲ್ಲ ನಿಂತವು. ಅವರಿಗೆ ಖುಷಿಯಾಯಿತು. ಬಿಸಿ ಅವಲಕ್ಕಿಯ ಪೋಹೆ ಕೊಟ್ಟು, ಎದುರು ಮನೆಯವರನ್ನು ಕರೆದು, “ಓದಿದ ತಮ್ಮನಿಗಿಂತ ಈ ಅಣ್ಣನೇ ಖರೆ ಕಸಬುದಾರ” ಎಂದರು. ಆ ಒಂದು ಮಾತಿನಿಂದ ಎಷ್ಟೋ ತಿಂಗಳ ಉರಿ ಆರಿದಂತಾಯಿತು. ಮನೆಗೆ ಹೋಗಿ ತಮ್ಮನಿಗೆ ಕೇಳಿಸುವ ಹಾಗೆ ಅವ್ವನ ಮುಂದೆ ಹೇಳಿದೆ: “ಸಹಕಾರನಗರದ ಕಾಕೂ ಭಾಳ ಹೊಗಳಿದ್ಲು. ಸುಮ್ಸುಮ್ಮನ ಬೀಳೂ ಡಬ್ಬಿ ಕೂಡ್ಸಿ ಹೋಗಿದ್ರಂತ ಯಾರೋ.” ತಮ್ಮ ತಲೆ ಎತ್ತಿ, “ಯಾಕ ಬೀಳತಿತ್ತು ಅಣ್ಣಾ?” ಎಂದು ಕೇಳಿದ. “ಲೂಜ್ ಇತ್ತು” ಎಂದೆ.

ಮತ್ತೊಂದು ಮಳೆಗಾಲ ಬಂತು. ಒಂದು ದಿನ ಊಟ ಮಾಡುತ್ತ ತಮ್ಮ, ಬರುವ ಬುಧವಾರ ಸಹಕಾರನಗರದ ಸೊಸೈಟಿಯ ವರ್ಷದ ಪರೀಕ್ಷೆ ಇದೆ, ಬೋರ್ಡು ಬಿಚ್ಚಿಕೊಡಲು ವಾಯರಿಂಗ್ ಮಾಡಿದವರು ಬರಬೇಕೆಂದು ಸೆಕ್ರೆಟರಿ ಹೇಳಿದ್ದಾರೆ ಎಂದ. ಸೋಮವಾರ ಬೆಳಿಗ್ಗೆಯೇ ಕಾಕೂರವರ ಮನೆಗೆ ಹೋದೆ. ಬೀಗ. ಆಷಾಢದ ಯಾತ್ರೆಯ ಪಾಲಖಿ ಸಾಸವಡಕ್ಕೆ ಬಂದಿದೆ, ನಡೆದು ಬರುವ ವಾರಕರಿ ಭಕ್ತರಿಗೆ ಊಟ ಬಡಿಸಲು ಕಾಕೂ ಪ್ರತಿವರ್ಷ ಹೋಗುತ್ತಾರೆ, ಮೆಸ್ಸು ಬಂದ್ ಎಂದರು ಪಕ್ಕದವರು. ಮಂಗಳವಾರ ಸಂಜೆ ಮತ್ತೆ ಹೋದೆ. ಅದೇ ಬೀಗ. ಅವರು ಬುಧವಾರವೂ ಬಾರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಬುಧವಾರ ಹತ್ತು ಗಂಟೆಗೆ ನಾವು ಮೊದಲ ಮಾಳಿಗೆ ಮುಗಿಸಿ ಮೆಟ್ಟಿಲು ಹತ್ತುವಾಗ ಕಾಕೂ ಮಗಳೊಂದಿಗೆ ಚೀಲ ಹಿಡಿದುಕೊಂಡು ನಮ್ಮ ಹಿಂದೆಯೇ ಬಂದರು. ಬಿಸಿಲಿಗೆ ಕಪ್ಪಾಗಿದ್ದರು, ಸಂತೋಷವಾಗಿದ್ದರು. ನನ್ನನ್ನು ನೋಡಿ ನಕ್ಕು ಬಾಗಿಲು ತೆರೆದರು. ಮಗಳು ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಳು.

ತಮ್ಮ ಮುಂದಿನ ಕೋಣೆಯಿಂದ ಶುರು ಮಾಡಿದ. ಅರ್ಧ ಕರೆಂಟಿಗೆ ಬೀಳಲಿಲ್ಲ, ಪೂರ್ತಿಗೆ ಬಿತ್ತು. ಬರೆದುಕೊಂಡ. ಅಡುಗೆಮನೆ, ಸರಿ. ಮಲಗುವ ಕೋಣೆ, ಸರಿ. ಆಮೇಲೆ ಗೀಜರಿನ ಪ್ಲಗ್ಗು ತೆಗೆದು ಆ ಪಾಯಿಂಟಿಗೆ ಮೀಟರು ಚುಚ್ಚಿದ. ಗುಂಡಿ ಒತ್ತಿದ. ನಾನು ಬಚ್ಚಲ ಬಾಗಿಲಲ್ಲಿ ನಿಂತಿದ್ದೆ. ಖಟ್ಟೆನ್ನಲಿಲ್ಲ. ದೀಪ ಉರಿಯುತ್ತಲೇ ಇತ್ತು. ಮತ್ತೊಮ್ಮೆ ಒತ್ತಿದ. ಐದು ಪಟ್ಟು ಬಿಟ್ಟ. ಏನೂ ಆಗಲಿಲ್ಲ.

ಅವನು ಮೇನ್ ಬೋರ್ಡಿನ ಹತ್ತಿರ ಬಂದು ಮುಚ್ಚಳ ತೆಗೆಯಲು ನನಗೆ ಹೇಳಲಿಲ್ಲ, ತಾನೇ ತೆಗೆದ. ಒಳಗೆ ನೋಡಿದ. ವಾಯರು ಬಾಗಿಸುವಾಗ ನನ್ನ ಕೈಯದೊಂದು ರೀತಿ ಇದೆ. ಸಣ್ಣವನಿದ್ದಾಗಿನಿಂದ ಅವನು ಅದನ್ನು ನೋಡಿದ್ದಾನೆ. ಆಮೇಲೆ ಮೇನು ಬಂದ್ ಮಾಡಿ, ಗೀಜರಿನ ಪ್ಲಗ್ಗು ಬಿಚ್ಚಿ ನೋಡಿದ. ಅದರೊಳಗೆ ಅರ್ಥಿನ ತಂತಿ ಸುಟ್ಟು ಕಳಚಿ ಬಿದ್ದಿತ್ತು. ಅಂದರೆ ಸೋರುವ ಕರೆಂಟಿಗೆ ಮೊದಲಿದ್ದ ದಾರಿಯೂ ಮುಚ್ಚಿಹೋಗಿತ್ತು. ಅದು ಗೀಜರಿನ ಮೈಯಲ್ಲೇ, ನಲ್ಲಿಯಲ್ಲೇ ನಿಂತಿತ್ತು.

“ಸ್ನಾನ ಮಾಡುವಾಗ ಯಾರಿಗಾದರೂ ಕೈ ಝುಮ್ಮೆಂದಿತ್ತೇ?” ಎಂದು ಅವನು ಕಾಕೂರವರನ್ನು ಮರಾಠಿಯಲ್ಲಿ ಕೇಳಿದ.

ಕಾಕೂ ಇಲ್ಲವೆಂದರು. ಚಹಾದ ತಟ್ಟೆ ಹಿಡಿದು ನಿಂತಿದ್ದ ಮಗಳು, “ಆಯೀ, ನಾನು ಹೇಳಿದ್ದೆನಲ್ಲ” ಎಂದಳು. ಹದಿನೈದು ದಿನಗಳಿಂದ ನಲ್ಲಿ ಮುಟ್ಟಿದರೆ ಬೆರಳು ಝುಮ್ಮೆನ್ನುತ್ತಿತ್ತಂತೆ. ತಾಯಿ, ಅದು ನಿನ್ನ ಭ್ರಮೆ, ಬೇಕಿದ್ದರೆ ಮಣೆಯ ಮೇಲೆ ನಿಂತು ಸ್ನಾನ ಮಾಡು ಎಂದಿದ್ದರಂತೆ. ಅವಳು ಹಾಗೆಯೇ ಮಾಡುತ್ತಿದ್ದಳು. ಒದ್ದೆ ಕಾಲಿನಿಂದ ಮಣೆ ಇಳಿದು ಒಂದು ಸಲ ನಲ್ಲಿ ಹಿಡಿದಿದ್ದರೆ ಏನಾಗುತ್ತಿತ್ತೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ತಮ್ಮ ನನ್ನ ಹತ್ತಿರ ಬಂದು ಕನ್ನಡದಲ್ಲಿ ಮೆಲ್ಲಗೆ ಕೇಳಿದ.

“ಅಣ್ಣಾ, ಇದನ್ನ ನೀ ಮಾಡಿದ್ದೇನು?”

“ಹೌದು.”

“ಯಾಕ?”

ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಎಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ. ಅವನು ರಿಜಿಸ್ಟರು ತೆರೆದ.

“ರಿಪೋರ್ಟಿನ್ಯಾಗ ನಾ ಬರೀಬೇಕಾಗ್ತದ. ಬಿಡಾಕ ಬರೂದಿಲ್ಲ. ಕಾಕೂಗ ಮಾತ್ರ ನೀನ ಹೇಳು. ನನ್ನ ಬಾಯಿಲೆ ಅದು ಬರಬಾರದು.”

ಸೆಕ್ರೆಟರಿಯೂ ಅಲ್ಲೇ ನಿಂತಿದ್ದರು. ನಾನು ಮರಾಠಿಯಲ್ಲಿ ಹೇಳಿದೆ: ಗೀಜರು ಕೆಟ್ಟದ್ದು ನನಗೆ ಗೊತ್ತಿತ್ತು, ಡಬ್ಬಿ ಬೀಳಬಾರದೆಂದು ಅದರ ವಾಯರನ್ನು ಬೇರೆ ಮಾಡಿದವನು ನಾನೇ. ಕಾಕೂ ಕೂಗಾಡಲಿಲ್ಲ. ಮಗಳ ಕೈಯಿಂದ ತಟ್ಟೆ ತೆಗೆದು ಕೆಳಗಿಟ್ಟು, ಅವಳ ಎರಡೂ ಕೈ ಹಿಡಿದು ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಮುಖ ನೋಡದೆ, “ನೀವು ಹೋಗಿ” ಎಂದರು.

ಆ ಸೊಸೈಟಿಗೆ ನಾನು ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಸುದ್ದಿ ಕಾಂಟ್ರಾಕ್ಟರರಿಗೆ ಮುಟ್ಟಿತು. ಹೊಸ ಬಿಲ್ಡಿಂಗಿನ ಕೆಲಸಕ್ಕೆ ಇನ್ನು ಬರಬೇಡವೆಂದರು. ಅವ್ವನಿಗೆ ಗೊತ್ತಾದದ್ದು ಇಷ್ಟೇ: ಸಣ್ಣ ಮಗ ಏನೋ ಬರೆದುಕೊಟ್ಟ, ದೊಡ್ಡ ಮಗನ ಕೆಲಸ ಹೋಯಿತು. ಅವಳು ತಮ್ಮನ ಮೇಲೆ ಹರಿಹಾಯ್ದಳು. “ಒಡಹುಟ್ಟಿದಾಂವನ ಅನ್ನಕ್ಕ ಮಣ್ಣ ಹಾಕಿದೆಲ್ಲೊ! ಇದಕ್ಕೇನು ನಿನಗ ಸಾಲಿ ಕಲಿಸಿದ್ದು?” ತಮ್ಮ ಏನೂ ಹೇಳಲಿಲ್ಲ. ತಲೆ ತಗ್ಗಿಸಿ ಊಟ ಮಾಡಿ ಏಳುತ್ತಿದ್ದ. ನಾನೂ ಏನೂ ಹೇಳಲಿಲ್ಲ. ಎಂಟು ದಿನ ಹಾಗೆಯೇ ನಡೆಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಆ ಎಂಟು ದಿನ ಅವ್ವ ಅವನನ್ನು ಬೈಯುವುದನ್ನು ಕೇಳಲು ನನಗೆ ಹಿತವಾಗುತ್ತಿತ್ತು. ಅವಳು ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿ ಅವನಿಗೆ ತಣ್ಣಗಿನದನ್ನು ಕೊಟ್ಟಾಗ, ಅಷ್ಟೆಲ್ಲ ಆದ ಮೇಲೂ, ನನ್ನೊಳಗೆ ಏನೋ ಒಂದು ನಗುತ್ತಿತ್ತು.

ಹೆಂಡತಿಗೆ ತಮ್ಮನೇ ನಿಜ ಹೇಳಿದ್ದನೋ ಅವಳೇ ಊಹಿಸಿದಳೋ ಗೊತ್ತಿಲ್ಲ. ಒಂಬತ್ತನೇ ದಿನ ಮಧ್ಯಾಹ್ನ ಅವಳು ನನ್ನ ಮುಂದೆ ಬಂದು ನಿಂತಳು.

“ಆ ಹುಡುಗ ದಿನಾ ಬೈಸ್ಕೊಂಡು ಹೊಂಟಾನ. ನೀವು ಕುಂತ ಕೇಳ್ತೀರಿ. ನಿಮಗ ಹ್ಯಾಂಗರ ಅನ್ನ ಇಳೀತದ್ರಿ?”

ಅಂದು ಸಂಜೆ ತಮ್ಮ ಮನೆಗೆ ಬರುವ ಮೊದಲೇ ನಾನು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಮೀಟರಿಗೆ ಕುಂಕುಮ ಹಚ್ಚಿದ್ದರಿಂದ ಹಿಡಿದು ಹೇಳಿದೆ. ಅವ್ವ ಬೇಳೆ ಆರಿಸುತ್ತ ಕೇಳಿದಳು. ಮುಗಿದ ಮೇಲೆ ಮೊರ ಕೆಳಗಿಟ್ಟಳು.

“ಅವನ ಮ್ಯಾಲ ಸಿಟ್ಟಿದ್ರ ಅವಗ ನಾಕ ಬಡೀಬೇಕಾಗಿತ್ತು. ಆ ಹುಡುಗಿ ನಿನಗೇನ ಮಾಡಿತ್ತೋ?”



ಸ್ವಲ್ಪ ದಿನದ ಮೇಲೆ ಕಾಕೂರವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಹೊಸ ಗೀಜರು ಬಂದಿತ್ತು. ಕಾಕೂ ಕುಡಿಯಲು ನೀರು ಕೊಟ್ಟರು, ಪಾಲಖಿಯ ಮಾತಾಡಿದರು. ಬೋರ್ಡು ಸರಿ ಇದೆಯೇ ಒಮ್ಮೆ ನೋಡಲೇ ಎಂದು ಕೇಳಿದೆ. “ಬೇಡ, ಇರಲಿ” ಎಂದರು. ನಾನು ಎದ್ದು ಬಂದೆ.

ತಮ್ಮ ಮರುವರ್ಷ ಚಾಕಣದ ಒಂದು ಕಾರ್ಖಾನೆಯಲ್ಲಿ ಕೆಲಸ ಹಿಡಿದು ಆ ಕಡೆಗೇ ಮನೆ ಮಾಡಿದ. ನಾನು ಮನೆಮನೆಯ ಚಿಲ್ಲರೆ ದುರಸ್ತಿ ಮಾಡುತ್ತ, ಟ್ರಂಕಿನ ತಳದಿಂದ ಆ ಪುಸ್ತಕ ತೆಗೆದು ಓದಿದೆ. ಅವನ ಪೆನ್ಸಿಲ್ ಅಕ್ಷರ ಇರದಿದ್ದರೆ ನನಗೆ ಒಂದು ಪುಟವೂ ದಾಟುತ್ತಿರಲಿಲ್ಲ. ಎಲೆಕ್ಟ್ರಿಕಲ್ ಸುಪರ್ವೈಜರ್ ಪರೀಕ್ಷೆಗೆ ಕೂತೆ. ಮೊದಲ ಸಲ ಫೇಲಾದೆ, ಎರಡನೇ ಸಲ ಪಾಸಾದೆ. ಹಳೆಯದೊಂದು ಮೀಟರು ಸಿಕ್ಕಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಪುಣೆಯ ಸೊಸೈಟಿಗಳು ಇ.ಎಲ್.ಸಿ.ಬಿ. ಪರೀಕ್ಷೆಗೆಂದು ನನ್ನನ್ನು ಕರೆಯುವ ಹಾಗಾಯಿತು. ಪ್ರತಿ ಮನೆಯಲ್ಲೂ ನಾನು ಮೊದಲು ಗೀಜರಿನ ಪಾಯಿಂಟಿಗೇ ಹೋಗುತ್ತೇನೆ. ಡಬ್ಬಿ ಬೀಳದ ಗೀಜರುಗಳು ಎಷ್ಟೋ ಸಿಕ್ಕಿವೆ. ಯಾರು ಮಾಡಿದರೆಂದು ಕೇಳುವುದಿಲ್ಲ. ಬರೆದುಕೊಡುತ್ತೇನೆ, ಸರಿಪಡಿಸುವವರೆಗೂ ಏಳುವುದಿಲ್ಲ.

ಹೊಟ್ಟೆಕಿಚ್ಚು ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ತಮ್ಮ ಚಿಂಚವಡದಲ್ಲಿ ಸ್ವಂತ ಫ್ಲ್ಯಾಟು ಕೊಂಡಾಗ ಗೃಹಪ್ರವೇಶದ ಹಿಂದಿನ ದಿನ ಫೋನು ಮಾಡಿದ. “ಅಣ್ಣಾ, ಮೀಟರ್ ತಗೊಂಡ ಬಾ. ಮನಿ ನೀನ ಟೆಸ್ಟ್ ಮಾಡಬೇಕು. ನಾ ಮಾಡಿದ್ರ ನನಗ ಖಾತ್ರಿ ಆಗೂದಿಲ್ಲ.”

ಹೋದೆ. ದೊಡ್ಡ ಮನೆ, ಅಡುಗೆಮನೆಯಲ್ಲೇ ಆರು ಪಾಯಿಂಟು. ವಾಯರಿಂಗನ್ನು ಎದುರಿಗೆ ನಿಂತು ಮಾಡಿಸಿದ್ದ. ನಾನು ಒಂದೊಂದಾಗಿ ನೋಡುತ್ತ ಹೋದೆ. ಸೆಕೆಂಡಿನ ಸಾವಿರದ ಪಾಲುಗಳಲ್ಲಿ ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತೆರಡು. ಎಲ್ಲೆಡೆ ಖಟ್ಟೆಂದು ಬೀಳುತ್ತಿತ್ತು, ಎಲ್ಲವೂ ಸರಿ. ಪ್ರತಿಯೊಂದು ಪಾಯಿಂಟಿಗೆ ಮೀಟರು ಚುಚ್ಚುವಾಗಲೂ ಇದರಲ್ಲಾದರೂ ಒಂದು ತಪ್ಪು ಸಿಗಲಿ ಎಂದು ನನ್ನ ಮನಸ್ಸು ಹಾರೈಸುತ್ತಿತ್ತು. ಬಚ್ಚಲಿನ ಪಾಯಿಂಟನ್ನು ಎರಡು ಸಲ ನೋಡಿದೆ. ಅಲ್ಲಿ ಆಡುತ್ತಿದ್ದ ಅವನ ಮಗಳನ್ನು ಕಂಡ ಮೇಲೆ ಆ ಹಾರೈಕೆಗೆ ನನಗೇ ಹೇಸಿಗೆಯಾಯಿತು. ಆದರೂ ಅದು ಪೂರ್ತಿ ನಿಲ್ಲಲಿಲ್ಲ.

ಕಡೆಗೆ, ನೋಡದ ಪಾಯಿಂಟು ಇನ್ನೇನಾದರೂ ಉಳಿದಿದೆಯೇ ಎಂದು ಅಡುಗೆಮನೆಯಲ್ಲಿ ಸುತ್ತಲೂ ನೋಡುತ್ತ ನಿಂತೆ. ತಮ್ಮ ನನ್ನನ್ನು ನೋಡಿದ. ಸಣ್ಣಗೆ ನಕ್ಕು, ಫ್ರಿಜ್ಜಿನ ಎರಡೂ ಬದಿ ಹಿಡಿದು ಮುಂದಕ್ಕೆ ಎಳೆದ. ಅದರ ಹಿಂದೆ ಗೋಡೆಯಲ್ಲಿ ಇನ್ನೊಂದು ಪಾಯಿಂಟಿತ್ತು.

“ಇದೊಂದು ಉಳದದ ಅಣ್ಣಾ. ಇದನ್ನೂ ನೋಡಿಬಿಡು.”

ಮಂಡಿಯೂರಿ ಕೂತು ಮೀಟರು ಚುಚ್ಚಿದೆ. ಡಬ್ಬಿ ಖಟ್ಟೆಂದು ಬಿದ್ದು ಮನೆಯ ಕರೆಂಟು ಹೋಯಿತು.

“ಎಷ್ಟ ಬಂತು?” ಎಂದ.

“ಇಪ್ಪತ್ತೊಂದು” ಎಂದೆ. “ಚಲೋ ಮಾಡಿಸೀದಿ.”

ರಿಜಿಸ್ಟರಿನಲ್ಲಿ ಬರೆದು, ಕೆಳಗೆ ನನ್ನ ಸಹಿ ಹಾಕಿ ಅವನ ಕೈಗೆ ಕೊಟ್ಟೆ.